ಹೋದ ವರ್ಷದ ಲಿಂಬೆಹಣ್ಣು

ನರಗುಂದದಲ್ಲಿ ಗುಡ್ಡದ ಬದಿಗಿರುವ ನಮ್ಮ ಓಣಿ ಪುರಸಭೆಯದಲ್ಲ. ಪ್ಲಾಟು ಕೊಂಡವರು ಎರಡೂ ಬದಿಯಿಂದ ಐದೈದು ಅಡಿ ಬಿಟ್ಟು ಮಾಡಿಕೊಂಡ ರಸ್ತೆ. ಅದರಲ್ಲಿ ಒಂದು ಅಡಿ ಗಟಾರಕ್ಕೆ ಹೋಗಿದೆ. ಕೊನೆಯ ಮನೆ ಮಾಳವ್ವನದು, ಅಲ್ಲಿಂದ ಮುಂದೆ ದಾರಿಯಿಲ್ಲ. ಹೊಳೆಮಣ್ಣೂರಿನ ಮನೆಗೆ ಎರಡನೆಯ ಸಲ ಮಲಪ್ರಭೆಯ ನೀರು ನುಗ್ಗಿದ ಮೇಲೆ ಅವಳು ಗಂಡ ಮೈಲಾರಿಯೊಂದಿಗೆ ಇಲ್ಲಿಗೆ ಬಂದು ಹಿಟ್ಟಿನ ಗಿರಣಿ ಹಾಕಿದಳು. ಸವೆದ ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಹಾಕುವುದು, ಬೆಲ್ಟು ಬಿಗಿಯುವುದು ಅವಳ ಕೆಲಸ. ಚೀಲ ಹೊರುವುದು ಮೈಲಾರಿಯ ಕೆಲಸ.

ಓಣಿಯ ನಡುವಿನ ದೊಡ್ಡ ಮನೆ ಕಾಳಿನ ವ್ಯಾಪಾರಿ ತೋಟಪ್ಪನವರದು. ಓಡಾಡುವ ಹೊಸ ಕಾರು ಅವರ ಕಂಪೌಂಡಿನೊಳಗಿತ್ತು. ಹಳೆಯ ಅಂಬಾಸಿಡರ್ ಮತ್ತು ಜೀಪು ಮಾತ್ರ ಗೇಟಿನ ಆಚೆ, ಮಾಳವ್ವನ ಮನೆಯ ಕಡೆಗೆ, ರಸ್ತೆಯ ಮೇಲೆಯೇ ನಿಂತಿದ್ದವು. ಒಳ್ಳೆಯ ಸುಗ್ಗಿಯಲ್ಲಿ ಮನೆಗೆ ಬಂದ ಗಾಡಿಯನ್ನು ಗುಜರಿಗೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಉಳಿದ ಮೂರೂವರೆ ಅಡಿಯಲ್ಲಿ ಬೈಕು ಹಾಯುತ್ತಿತ್ತು, ಗೂಡ್ಸ್ ಆಟೋ ಹಾಯುತ್ತಿರಲಿಲ್ಲ. ಜೋಳದ ಚೀಲವನ್ನು ಅಷ್ಟು ದೂರ ಹೊರಲಾರದೆ ಹಳ್ಳಿಯವರು ಪೇಟೆಯ ಗಿರಣಿಗೆ ಹೋಗತೊಡಗಿದರು. ಮಾಳವ್ವನ ಗಿರಣಿ ಮಧ್ಯಾಹ್ನಕ್ಕೇ ನಿಲ್ಲುತ್ತಿತ್ತು. ಹೀಗೇ ಆದರೆ ಮಾರಬೇಕಾಗುತ್ತದೆಂದು ಅವಳು ಹೇಳಿಯೂ ಇದ್ದಳು.

ಅವಳು ದೂರು ಕೊಟ್ಟರೆ ಪೊಲೀಸರು, ಪುರಸಭೆಯವರು ಇಬ್ಬರೂ ಇದು ಖಾಸಗಿ ರಸ್ತೆ, ನೀವೇ ಬಗೆಹರಿಸಿಕೊಳ್ಳಿ ಎಂದರು. ಮಾಳವ್ವ ಗಿರಣಿಯ ನೆಲ ತೊಳೆದ ನೀರನ್ನು ಜೀಪಿನ ಕಡೆ ಚೆಲ್ಲಿದಳು. ತೋಟಪ್ಪನವರು ಗಿರಣಿಯ ಸದ್ದಿನ ಬಗ್ಗೆ ತಕರಾರು ಕೊಟ್ಟರು. ಒಂದು ದಿನ ಎಲ್ಲರೆದುರೇ ಅಂದರು:

"ಹೊಳಿ ಬಂತಂತ ಓಡಿ ಬಂದಾಕಿ, ನಮಗ ದಾರಿ ಹೇಳಾಕ ಬಂದೀ ಏನ?"

"ಹೊಳಿ ಆದ್ರೂ ಬಂದದ್ದು ಇಳದು ಹೋಗತೈತ್ರಿ ಸಾವಕಾರ್ರ. ನಿಮ್ಮ ಗಾಡಿ ಹೋಗವಲ್ಲವು."

ಕೊನೆಗೆ ಓಣಿಯಲ್ಲಿ ಮೊದಲು ಮನೆ ಕಟ್ಟಿದ ರಮಜಾನಸಾಬರು ಎಲ್ಲರನ್ನೂ ಕೂಡಿಸಿದರು. ಓಡುವ ಗಾಡಿ ರಸ್ತೆಯ ಮೇಲೆ ನಿಲ್ಲಲಿ, ಓಡದ್ದು ಅದರ ಮಾಲೀಕರ ಕಂಪೌಂಡಿನೊಳಗೆ ಹೋಗಲಿ ಎಂದು ತೀರ್ಮಾನವಾಯಿತು. ತೋಟಪ್ಪನವರು ತಕ್ಷಣ ಒಪ್ಪಿದರು. ನನ್ನವೆರಡೂ ಓಡುತ್ತವೆ, ಪ್ರತಿ ವರ್ಷ ಖಂಡೇಪೂಜೆಗೆ ಲಿಂಬೆಹಣ್ಣಿನ ಮೇಲೆ ಹಾಯಿಸುತ್ತೇನೆ ಎಂದರು. ಆಯುಧಪೂಜೆಯ ಆ ದಿನ ಪ್ರತಿ ಗಾಲಿಯ ಮುಂದೆ ಒಂದು ಲಿಂಬೆಹಣ್ಣಿಟ್ಟು, ಗಾಡಿ ಸರಿಸಿ ಅದನ್ನು ಒಡೆಯುವುದು ನಮ್ಮ ಕಡೆಯ ಪದ್ಧತಿ. ಅವರು ಹಾಯಿಸಿದ್ದನ್ನು ಕಂಡವರಿರಲಿಲ್ಲ. ಆದರೆ ಪೂಜೆಯ ಮಾತಿಗೆ ಎದುರಾಡುವವರೂ ಇರಲಿಲ್ಲ. ಮಾಳವ್ವ ಕೂಡ ಎದ್ದು ಗಿರಣಿಗೆ ಹೋದಳು.

ಖಂಡೇಪೂಜೆಯ ಮುಂಜಾನೆ ಓಣಿಯವರೆಲ್ಲ ತಂತಮ್ಮ ಗಾಡಿ ತೊಳೆಯುತ್ತಿದ್ದರು. ತೋಟಪ್ಪನವರು ತಟ್ಟೆಯಲ್ಲಿ ಲಿಂಬೆಹಣ್ಣು ಹಿಡಿದು ಬಂದಾಗ ಮಾಳವ್ವ ಅಂಬಾಸಿಡರಿನ ಪಕ್ಕದಲ್ಲಿ ನಿಂತಿದ್ದಳು. ಮುಂದಿನ ಗಾಲಿಗೆ ಹಣ್ಣಿಡಲು ಅವರು ಬಗ್ಗಿದರು.

"ಹೊಸಾದು ಇಡೂ ಮುಂದ ಹಳೇದು ತಗೀರಿ," ಎಂದಳು ಅವಳು.

ಗಾಳಿ ಇಳಿದು ಅಗಲವಾದ ಟೈರು ನೆಲಕ್ಕೆ ಕೂಡುವಲ್ಲಿ ಒಂದು ಲಿಂಬೆಹಣ್ಣು ಸಿಕ್ಕಿಕೊಂಡಿತ್ತು. ಕಪ್ಪಾಗಿ ಕಲ್ಲಿನಂತೆ ಒಣಗಿತ್ತು, ಒಡೆದಿರಲಿಲ್ಲ. ರಬ್ಬರು ಹಿಡಿದುಕೊಂಡಿದ್ದರಿಂದ ಕಸಬರಿಗೆಗೂ ಬಂದಿರಲಿಲ್ಲ. ರಮಜಾನಸಾಬರು ಬಗ್ಗಿ ನೋಡಿದರು. ಜೀಪಿನ ಹಿಂದಿನ ಗಾಲಿಯಲ್ಲಿ ಅಂಥದೇ ಇನ್ನೊಂದಿತ್ತು. ಹೋದ ವರ್ಷ ಇಟ್ಟಲ್ಲೇ ಎರಡೂ ಇದ್ದವು.

ತೋಟಪ್ಪನವರು ಕೈಯಲ್ಲಿದ್ದ ಹಣ್ಣನ್ನು ತಟ್ಟೆಗೆ ಹಾಕಿ ಎದ್ದು ನಿಂತರು. ಆಮೇಲೆ, "ನನ್ನ ಗಾಡಿ ನಾನು ಒಳಗ ತಗೋತೀನಿ. ಯಾರೂ ಕೈ ಹಚ್ಚಬ್ಯಾಡ್ರಿ," ಎಂದರು.

ಸಂಜೆ ಟ್ರ್ಯಾಕ್ಟರಿನಿಂದ ಎಳೆಸಿ ಎರಡನ್ನೂ ಕಂಪೌಂಡಿಗೆ ಹಾಕಿದರು. ಅಂಗಳದ ಮಲ್ಲಿಗೆ ಬಳ್ಳಿ ಅದರಲ್ಲಿ ಮುರಿಯಿತು. ಮರುದಿನ ದಸರೆಯ ಬನ್ನಿ ಎಲೆ ಕೊಡಲು ಓಣಿಯ ಮನೆಮನೆಗೂ ಹೋದ ಅವರು ಮಾಳವ್ವನ ಮನೆಯೊಂದನ್ನು ಬಿಟ್ಟರು. ಅವಳೂ ಇವರ ಗೇಟು ದಾಟಲಿಲ್ಲ.

ಈಗ ಗೂಡ್ಸ್ ಆಟೋ ಗಿರಣಿಯ ಬಾಗಿಲಿಗೇ ಬರುತ್ತದೆ, ಸಂಜೆಯವರೆಗೂ ಗಿರಣಿಯ ಸದ್ದಿರುತ್ತದೆ. ತೋಟಪ್ಪನವರ ಮನೆಯ ಜೋಳ ಮಾತ್ರ ಇಂದಿಗೂ ಪೇಟೆಯ ಗಿರಣಿಗೆ ಹೋಗುತ್ತದೆ. ಅದನ್ನು ಒಯ್ಯುವ ಆಟೋ ತಿರುಗಲು ಓಣಿಯಲ್ಲಿ ಬೇರೆಲ್ಲೂ ಜಾಗವಿಲ್ಲ. ಗಿರಣಿಯ ಮುಂದೆಯೇ ತಿರುಗಬೇಕು. ಆಟೋ ಬಂದಾಗ ಮಾಳವ್ವ ಎದ್ದು ಬಂದು ತನ್ನ ಚೀಲಗಳನ್ನು ಗೋಡೆಗೆ ಸರಿಸುತ್ತಾಳೆ.