ಸುಣ್ಣದ ಗೆರೆಯಲ್ಲಿ ಮನೆ ತೋರಿಸುವ ಗೀತಮ್ಮ

ಸೂರ್ಯ ಇನ್ನೂ ಮೂಡಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಹಿಂದೆ, ಸುಗ್ಗಿಯಲ್ಲಿ ಶೇಂಗಾ ಒಣಹಾಕುವ ಸಿಮೆಂಟಿನ ಕಣದ ಮೇಲೆ, ಗೀತಮ್ಮ ಬಗ್ಗಿ ಸುಣ್ಣದ ಪುಡಿ ಉದುರಿಸುತ್ತಿದ್ದಾರೆ. ದಾರದ ಇನ್ನೊಂದು ತುದಿ ಗಂಡ ಬಾಲರಾಜು ಅವರ ಕೈಯಲ್ಲಿದೆ.

‘ಬಿಗಿಯಾಗಿ ಹಿಡ್ಕಳಪ್ಪ, ನಿನ್ನ ಗೋಡೆ ಕುಡುದಂಗೆ ತೂರಾಡ್ತೈತೆ.’

‘ಮನ್ಯಾಗೆ ನಾನು ಯಜಮಾನ, ಕೆಲಸದಾಗೆ ಇವ್ಳೇ ಮೇಸ್ತ್ರಿ’ ಎಂದು ಬಾಲರಾಜು ನಗುತ್ತಾರೆ.

‘ಮನ್ಯಾಗೆ ಯಜಮಾನ ಅಂತ ನಿಂಗ್ಯಾರು ಹೇಳಿದ್ರು?’ ಗೀತಮ್ಮ ತಲೆ ಎತ್ತದೆಯೇ ಕೇಳುತ್ತಾರೆ.

ಕಣದ ಮೇಲೆ ಮೂಡುತ್ತಿರುವುದು ಒಂದು ಇಡೀ ಮನೆ, ಅದೂ ಅದರ ನಿಜವಾದ ಅಳತೆಯಲ್ಲೇ. ಮಿಲ್ಲಿನ ಮಾಲೀಕ ವೀರೇಶ್ ಅವರ ಹಳೆಯ ಮಾಳಿಗೆ ಮನೆಯನ್ನು ಹೊಸದು ಮಾಡಬೇಕಿದೆ. ಅಡುಗೆಮನೆ ದೊಡ್ಡದಾಗಬೇಕು, ನಡುಮನೆಗೆ ಬೆಳಕು ಬರಬೇಕು, ದೇವರಮನೆ ಮಾತ್ರ ಕದಲಬಾರದು. ಚಿತ್ರದುರ್ಗದ ಕಂಟ್ರಾಕ್ಟರೊಬ್ಬರು ಈಗಾಗಲೇ ಬಂದು, ಟ್ಯಾಬ್‌ನಲ್ಲಿ ಬಣ್ಣದ ಚಿತ್ರ ತೋರಿಸಿ ಹೋಗಿದ್ದಾರೆ. ಇಂದು ಗೀತಮ್ಮನವರ ಸರದಿ. ಕೆಲಸ ಯಾರಿಗೆಂದು ಮನೆಯವರು ಇವತ್ತೇ ತೀರ್ಮಾನಿಸುತ್ತಾರೆ.

ಬಚ್ಚಲು, ಮೆಟ್ಟಿಲು, ಕಾಂಪೌಂಡು... ಇದುವರೆಗೆ ಗೀತಮ್ಮನವರ ಪಾಲಿಗೆ ಬಂದ ಕೆಲಸಗಳು ಇಷ್ಟೇ. ಇಡೀ ಮನೆಯೊಂದು ಅವರ ಹೆಸರಿಗೆ ಎಂದೂ ಬಂದಿಲ್ಲ. ‘ಮನೆ ಮಾತು ಬಂದ ಕೂಡ್ಲೆ, ನಿನ್ ಗಂಡನ್ನ ಕಳ್ಸಮ್ಮ ಅಂತಾರೆ. ಈಯಪ್ಪ ಹೋಗಿ, ನಮ್ಮಾಕೆನ ಕೇಳ್ರಿ ಅಂತಾನೆ. ಅಲ್ಲಿಗೆ ಮುಗೀತು ಮಾತುಕತೆ’ ಎಂದು ನಗುವ ಗೀತಮ್ಮನ ಕೈ ಇವತ್ತು ಎಂದಿಗಿಂತ ಚುರುಕಾಗಿದೆ. ಪುಡಿ ತುಂಬಿದ ಡಬ್ಬಿ ಎರಡು ಸಲ ಜಾರಿದೆ.

ನನ್ನಿವಾಳ ಗ್ರಾಮದ ಗೀತಮ್ಮ ಮದುವೆಯಾದ ಹೊಸದರಲ್ಲಿ ಗಾರೆ ಬಾಂಡ್ಲಿ ಹೊರುವ ಕೂಲಿಗೆ ಸೇರಿದವರು. ಹನುಮಂತರಾಜು ಎಂಬ ಮೇಸ್ತ್ರಿ ಬೀಡಿ ಸೇದಲು ಹೋದಾಗ ಗಾರೆ ಮೆತ್ತುವ ಕರಣೆ ಎತ್ತಿಕೊಂಡು ತಾವೇ ಒಂದು ಸಾಲು ಇಟ್ಟಿಗೆ ಕಟ್ಟಿಡುತ್ತಿದ್ದರು. ‘ಬಂದು ಕಾಲಿಂದ ಒದ್ದು ನೋಡೋನು. ಬೀಳ್ದಿದ್ರೆ ಸುಮ್ಕೆ ಅದ್ರ ಮೇಲೆ ತಾನು ಕಟ್ಟೋನು. ಅದೇ ಶಬಾಷ್‌ಗಿರಿ’ ಎನ್ನುತ್ತಾರೆ. ಬಿಸಿಲಿಗೆ ಕಾದ ಕಬ್ಬಿಣ ಹಿಡಿದು ಬೊಬ್ಬೆ ಎದ್ದ ಕೈಯಲ್ಲೇ ರಾತ್ರಿ ಮುದ್ದೆ ತಿರುವಿ, ಮಕ್ಕಳಿಗೆ ಉಣ್ಣಿಸಿ ಮಲಗಿಸಿದ ದಿನಗಳವು.

ಗೆರೆ ಎಳೆದು ಮನೆ ತೋರಿಸುವ ವಿದ್ಯೆ ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ಅಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯೊಂದರ ಗೋಡೆ ಸರಿಸಬೇಕಿತ್ತು. ‘ನನ್ನ ಮಗ್ಗ ಎಲ್ಲಿ ಕೂರುತ್ತೆ?’ ಎಂದು ನೇಕಾರ ಮತ್ತೆ ಮತ್ತೆ ಕೇಳಿದರೂ ಮೇಸ್ತ್ರಿಗೆ ಬಾಯಲ್ಲಿ ಹೇಳಿ ತಿಳಿಸಲಾಗಲಿಲ್ಲ. ಗೀತಮ್ಮ ಬೊಗಸೆಯಲ್ಲಿ ಸುಣ್ಣ ತಂದು ಬೀದಿಯಲ್ಲೇ ಕೋಣೆ ಬರೆದರು. ನೇಕಾರ ಅದರೊಳಗೆ ಕೂತು, ಇಲ್ಲದ ಲಾಳಿಯನ್ನು ಎಸೆಯುವಂತೆ ಕೈ ಬೀಸಿದ. ಮೊಣಕೈ ಗೆರೆ ದಾಟಿತು. ‘ಅಮ್ಮೋ, ಗೋಡೆ ಬಡೀತು!’ ಎಂದು ಕೂಗಿದ. ಗೋಡೆ ಅಲ್ಲೇ ಹಿಂದಕ್ಕೆ ಸರಿಯಿತು.

ಬೆಳಕು ಹರಿಯುವ ಹೊತ್ತಿಗೆ ಮನೆಮಂದಿ ಬರುತ್ತಾರೆ. ಮೊದಲು ವೀರೇಶ್, ಹಿಂದೆ ಹೆಂಡತಿ ತ್ರಿವೇಣಿ, ಸೆರಗು ಬಿಗಿದುಕೊಂಡ ತಾಯಿ ಬಸವಲಿಂಗಮ್ಮ.

‘ಏ ವೀರೇಶ, ಗೋಡೆ ತೂರ್ಕಂಡು ಬಂದ್ಯಲ್ಲೋ! ಬಾಗ್ಲು ಅಲ್ಲೈತೆ’ ಎಂದು ತಾಯಿ ಗದರಿದಾಗ ವೀರೇಶ್ ಹಿಂದಕ್ಕೆ ಹೋಗಿ, ಗೆರೆಯ ಆಚೆ ಚಪ್ಪಲಿ ಬಿಟ್ಟು, ಬಾಗಿಲಲ್ಲೇ ಒಳಬರುತ್ತಾರೆ. ತ್ರಿವೇಣಿ ಚಿಕ್ಕ ಹುಡುಗಿಯ ಹಾಗೆ ಕೋಣೆಯಿಂದ ಕೋಣೆಗೆ ಓಡಾಡುತ್ತಾರೆ. ‘ಇಲ್ಲಿ ಕಿಟಕಿನಾ? ಅಯ್ಯೋ, ಒಗ್ಗರಣೆ ಹಾಕ್ತಾ ಹಾಕ್ತಾ ಬೀದಿ ಕಾಣ್ತೈತೆ!’ ಗೀತಮ್ಮ ಖಾಲಿ ಎಣ್ಣೆ ಡಬ್ಬಗಳನ್ನು ಜೋಡಿಸಿ ಅಡುಗೆ ಕಟ್ಟೆಯನ್ನೂ ಮಾಡಿಟ್ಟಿದ್ದಾರೆ.

ಬಸವಲಿಂಗಮ್ಮ ಕಟ್ಟೆಯ ಮುಂದೆ ನಿಂತು, ಗಾಳಿಯಲ್ಲೇ ಮುದ್ದೆ ಕೋಲು ಹಿಡಿದಂತೆ ಎರಡೂ ಕೈ ಎತ್ತುತ್ತಾರೆ. ಕೈ ಎದೆಮಟ್ಟಕ್ಕೆ ಏರುತ್ತದೆ.

‘ಗೀತಮ್ಮ, ಇಷ್ಟೆತ್ತರದಾಗೆ ಕೋಲು ಒತ್ತೋದು ಹೆಂಗೆ? ನಿಂತ್ಕಂಡು ತಿರುವಿದ್ರೆ ಬರೀ ಗಂಟು. ಗಂಟು ಮುದ್ದೆ ಉಣ್ಣೋಕೆ ಹೊಸ ಅಡುಗೆಮನೆ ಯಾಕೆ?’

ಬಾಲರಾಜು ಕೈಯಲ್ಲಿನ ದಾರ ಸಡಿಲವಾಗುತ್ತದೆ. ಕೆಲಸ ಕೈತಪ್ಪಿತೇನೋ ಎಂದು ಗೀತಮ್ಮ ಗಂಡನತ್ತ ನೋಡುತ್ತಾರೆ. ಮರುಕ್ಷಣವೇ ಅವರಿಗೆ ನಗು ಬರುತ್ತದೆ.

‘ತಪ್ಪು ನಂದೇ ಅವ್ವಾರೆ. ನಾನೂ ದಿನಾ ಕುಂತೇ ತಿರುವೋಳು. ಗೆರೆ ಎಳೆಯಾಗ ಮಾತ್ರ ಪ್ಯಾಟೆ ಹೆಂಗ್ಸಾಗಿಬಿಟ್ಟೆ!’

ಪೊರಕೆ ತಂದು ತಾವೇ ಬರೆದ ಗೋಡೆಯನ್ನು ಗುಡಿಸಿ ಹಾಕುತ್ತಾರೆ. ಹಿತ್ತಿಲ ಬಾಗಿಲ ಪಕ್ಕ, ಹೊಗೆ ಹೊರಹೋಗುವ ಕಡೆ, ನೆಲದಿಂದ ಗೇಣೆತ್ತರದ ಒಲೆಗೆ ಜಾಗ ಬರೆಯುತ್ತಾರೆ. ಬಸವಲಿಂಗಮ್ಮ ಅಲ್ಲಿ ಮಣೆ ಹಾಕಿ ಕೂತು, ಒಲೆಯಿಂದಿಳಿಸಿದ ಪಾತ್ರೆ ಅಲುಗದಂತೆ ಹಿಡಿಯುವ ಹಾಗೆ ಪಾದ ಒತ್ತಿ, ಗಾಳಿಯಲ್ಲಿ ಕೋಲು ತಿರುವಿ ನೋಡುತ್ತಾರೆ. ‘ಹಾಂ, ಈಗ ಭುಜ ಇಳೀತು ನೋಡು!’

‘ಹಂಗಾದ್ರೆ ನನ್ನ ಕಟ್ಟೆ?’ ತ್ರಿವೇಣಿಗೆ ಗಾಬರಿ.

‘ನಿಮ್ಮ ಕಟ್ಟೆ, ಕಿಟಕಿ ಎಲ್ಲೂ ಹೋಗಲ್ಲ ತ್ರಿವೇಣಕ್ಕ. ಸ್ಟೋರ್ ರೂಮು ಒಂಚೂರು ಹಿಂದಕ್ಕೆ ಸರೀತೈತೆ.’

‘ಸ್ಟೋರ್ ರೂಮು ನಂದು!’ ಎಂದು ವೀರೇಶ್ ತಡೆಯುತ್ತಾರೆ.

‘ನಿನಗೆ ಇಷ್ಟು ದೊಡ್ಡ ಮಿಲ್ ಐತೆ, ಸುಮ್ನಿರೋ’ ಎನ್ನುತ್ತಾರೆ ತಾಯಿ. ತ್ರಿವೇಣಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ವೀರೇಶ್ ವ್ಯಾಪಾರಸ್ಥರು, ಸುಲಭಕ್ಕೆ ಬಿಡುವವರಲ್ಲ. ‘ಕೆಲಸ ಶುರುವಾದ ಮೇಲೂ ಹಿಂಗೇ ಏನಾದ್ರೂ ನೆನಪಾದ್ರೆ?’ ಎಂದು ಕೇಳುತ್ತಾರೆ.

‘ಸುಣ್ಣ ಇರೋ ತಂಕ ಎಷ್ಟು ಸಲನಾದ್ರೂ ಅಳಿಸ್ತೀನ್ರಿ. ಗೋಡೆ ಎದ್ದ ಮೇಲೆ ಅಳ್ಸಿದ್ರೆ ನಿಮ್ಗೂ ನಷ್ಟ, ನನ್ಗೂ ಬೇಜಾರು. ಅದಕ್ಕೇ ವಾರ ಪೂರ್ತಿ ಇದ್ರಾಗೆ ಓಡಾಡ್ರಿ, ಜಗಳ ಆಡ್ರಿ, ನೆಂಟ್ರನ್ನ ಕರ್ದು ಕೂರ್ಸಿ ನೋಡ್ರಿ. ಆ ಕಂಟ್ರಾಕ್ಟರ್ ತೋರ್ಸಿದ ಬಣ್ಣ ಚೆಂದ ಐತೆ, ನೆಲದ ಟೈಲ್ಸಿಗೆ ಅದನ್ನೇ ಹಾಕ್ತೀನಿ.’

ವೀರೇಶ್ ತಾಯಿಯ ಮುಖ ನೋಡುತ್ತಾರೆ. ತಾಯಿ ಸೊಸೆಯ ಮುಖ ನೋಡುತ್ತಾರೆ. ತ್ರಿವೇಣಿ ಆಗಲೇ ಮನೆಯತ್ತ ಓಡಿ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ತರುತ್ತಾರೆ. ಈ ಸೀಮೆಯಲ್ಲಿ ಎಲೆ ಅಡಿಕೆ ಕೈಗಿಟ್ಟರೆ ಕೆಲಸ ಒಪ್ಪಿಸಿದಂತೆಯೇ. ‘ತಗೊಳವ್ವ, ಚೆಂದಾಗಿ ಕಟ್ಟು’ ಎಂದು ಬಸವಲಿಂಗಮ್ಮ ತಟ್ಟೆ ನೀಡುತ್ತಾರೆ.

ಸುಣ್ಣ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿ, ಗೀತಮ್ಮ ತಟ್ಟೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.

‘ಮೆಟ್ಲು ಕಟ್ಟಿದ್ರೆ ಹತ್ತಿ ಹೋಗ್ತಾರೆ, ಯಾರೂ ಕೇಳಲ್ಲ’ ಎನ್ನುತ್ತಾರೆ. ‘ಮನೆ ಹಂಗಲ್ಲ. ಬಂದ ನೆಂಟ್ರು ಕಾಫಿ ಕುಡೀತಾ, ಯಾರು ಮಾಡಿದ್ದು ಕೆಲ್ಸ ಅಂತ ಕೇಳೇ ಕೇಳ್ತಾರೆ. ಅವಾಗ ಇವ್ರು ನನ್ನ ಹೆಸ್ರು ಹೇಳಿದ್ರೆ ಸಾಕು.’