ಮೈದುನ ಬರೆಸಿಕೊಟ್ಟ ಆದಾಯ

ನನಗಾಗ ಐವತ್ತೊಂಬತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮ ಮನೆಯ ಖಾತೆಯಲ್ಲಿ ಈಗ ಎರಡು ಹೆಸರಿವೆ. ಒಂದು ನನ್ನ ಗಂಡನ ತಮ್ಮನದು, ಇನ್ನೊಂದು ನನ್ನದು. ನನ್ನ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಬರೆಯುತ್ತೇನೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಲಿ.

ದುಡ್ಡು ಯಾರ ಕೈಗೆ ಬರುತ್ತದೆ ಎಂದು ನೋಡಿಕೊಂಡು ಜನ ಅದಕ್ಕೆ ಹೆಸರಿಡುತ್ತಾರೆ. ನನ್ನ ಗಂಡ ಆನಂದಪುರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು, ಅವರದ್ದು ಸಂಬಳ. ನಮ್ಮ ಗದ್ದೆಗೆ ಸಸಿ ನೆಡಲು ಬಂದವರದ್ದು ಕೂಲಿ. ಪೂಜೆಗೆ ಬಂದ ಭಟ್ಟರದ್ದು ದಕ್ಷಿಣೆ. ಮೈದುನ ಕೋಣಂದೂರು ಕಡೆ ಶುಂಠಿ ದಲ್ಲಾಳಿ, ಅವನದ್ದು ವರಮಾನ. ಆ ಮಾತು ಹೇಳುವಾಗ ಅವನು ಎಲೆಅಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದ. ನನ್ನದಕ್ಕೆ ಮಾತ್ರ "ಅತ್ಗೆಯ ಹಪ್ಪಳದ ಚಿಲ್ಲರೆ" ಎಂದೇ ಹೆಸರು. ನೋಟು ಕೊಟ್ಟರೂ ಅದು ಚಿಲ್ಲರೆಯೇ.

ಹಲಸಿನ ಹಪ್ಪಳ ಮಾಡಿದವರಿಗೆ ಗೊತ್ತು. ಬಲಿತ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಹಿಟ್ಟು ಒಡೆಯುತ್ತದೆ. ಆ ಹೊತ್ತಿಗೆ ಮೂವತ್ತು ಬೇಸಿಗೆ ಕುಟ್ಟಿದ್ದೆ. ನನ್ನ ಬಲಗೈ ಬೆರಳಿನ ತುದಿಗೆ ಈಗ ಬಿಸಿ ಗೊತ್ತಾಗುವುದಿಲ್ಲ. ಇಪ್ಪತ್ತೈದರ ಕಟ್ಟು ಕಟ್ಟಿ ಸಾಗರಕ್ಕೆ ಒಯ್ದು ಕೊಡುತ್ತಿದ್ದೆ. ಅಲ್ಲಿಂದ ಅದು ಹೊಳೆಬಾಗಿಲಿನ ಅಂಗಡಿಗೆ ಹೋಗುತ್ತಿತ್ತು. ಸಿಗಂದೂರಿಗೆ ಹೋಗುವವರು ಅಲ್ಲಿ ಹಿನ್ನೀರು ದಾಟುವ ಲಾಂಚಿಗೆ ಕಾಯುತ್ತ ಕೊಳ್ಳುತ್ತಿದ್ದರು. ಈಗ ಸೇತುವೆ ಆಗಿದೆ, ಯಾರೂ ಕಾಯುವುದಿಲ್ಲ. ಆದರೆ ಆ ಚಿಲ್ಲರೆಯಲ್ಲಿ ನಮ್ಮ ಮನೆಯ ಮಾಡಿನ ಸೋಗೆ ಇಳಿದು ಹೆಂಚು ಏರಿತು. ಬಾವಿಗೆ ಕಲ್ಲು ಕಟ್ಟಿಸಿದ್ದೂ ಅದರಲ್ಲೇ. ಹೆಂಚಿನ ಲಾರಿ ಬಂದ ದಿನ ಮುಂದೆ ನಿಂತು "ಇಲ್ಲಿಡಿ, ಅಲ್ಲಿಡಿ" ಎಂದು ಕೈ ಮಾಡಿದವನು ಮೈದುನ.

ನನ್ನ ಗಂಡ ಸತ್ತ ಹದಿಮೂರನೇ ದಿನ ಊಟವಾದ ಮೇಲೆ ಮನೆಯ ಮಾತು ಬಂತು. ನಾಲ್ಕು ಮಂದಿ ಹಿರಿಯರು ಕೂತಿದ್ದರು.

"ಅತ್ಗೆ ಕಡೆಯಿಂದ ಈ ಮನೆಗೆ ಎಂತ ಬಂದದ್ದುಂಟು?" ಎಂದ ಮೈದುನ. "ಅಣ್ಣನ ಸಂಬಳ ಅವನ ಬೀಡಿಗೇ ಸಾಲ್ತಿರ್ಲಿಲ್ಲ. ಎದ್ದದ್ದೆಲ್ಲ ನನ್ನ ವರಮಾನದಲ್ಲಿ."

"ಹೆಂಚು?" ಎಂದೆ.

"ಚಿಲ್ರೆಯಲ್ಲಿ ಹೆಂಚು ಬರ್ತದಾ ಅತ್ಗೆ? ಬೇಕಾರೆ ಗುಡ್ಸೋ ಹಂಚಿಕಡ್ಡಿ ಬರಬೌದು."

ನಾಲ್ವರೂ ನಕ್ಕರು. ಅವರಲ್ಲಿ ಮೂವರು ಈಗ ಸತ್ತಿದ್ದಾರೆ. ಒಬ್ಬರ ತಿಥಿಯೂಟಕ್ಕೂ ನಾನು ಹೋಗಲಿಲ್ಲ.

ನನಗೆ ಸಿಕ್ಕಿದ್ದು ಹಿಂದಿನ ಕಟ್ಟಿಗೆ ಕೋಣೆ. ಅದಕ್ಕೆ ಬದಲಾಗಿ ಅವನ ಕೊಟ್ಟಿಗೆಯ ಸಗಣಿ ಬಾಚುವುದು, ಹಾಲು ಕರೆಯುವುದು ನನ್ನ ಪಾಲಿಗೆ ಬಂತು. ಆ ಕೆಲಸಕ್ಕೆ ಕೂಲಿ ಎಂಬ ಹೆಸರೂ ಇರಲಿಲ್ಲ.

ಆರು ವರ್ಷ ಹೀಗೇ ಹೋಗಿ ನನಗೆ ಐವತ್ತೊಂಬತ್ತಾಯಿತು. ಅಂಗನವಾಡಿ ಟೀಚರು ಒಂದು ದಿನ, "ವಿಧವಾ ಪಿಂಚಣಿಗೆ ಯಾಕೆ ಹಾಕಿಲ್ಲ ನೀವು?" ಎಂದು ಕೇಳಿ ಅವರೇ ಅರ್ಜಿ ತುಂಬಿದರು. ಸುದ್ದಿ ಮೈದುನನಿಗೆ ತಿಳಿಯಿತು. ತಿಂಗಳು ತಿಂಗಳು ನನ್ನ ಕೈಗೆ ದುಡ್ಡು ಬಂದರೆ ಅವನ ಕೊಟ್ಟಿಗೆಗೆ ಆಳು ಹುಡುಕಬೇಕಲ್ಲ.

ಒಂದು ಶನಿವಾರ ಊರಿನ ಲೆಕ್ಕಿಗರು ವಿಚಾರಣೆಗೆ ಬಂದರು. ಇನ್ನೂ ಸಣ್ಣ ಪ್ರಾಯ, ಮರ್ಯಾದೆಯ ಮನುಷ್ಯ. ಜಗಲಿಯಲ್ಲಿ ಕೂತು, ಕಾರ್ಬನ್ ಇಟ್ಟು ಹಾಳೆ ಜೋಡಿಸಿಕೊಂಡರು. ಮೈದುನ ತನ್ನ ಮರದ ಕುರ್ಚಿಯಲ್ಲಿ ಕೂತಿದ್ದ. ಸಾಕ್ಷಿಗೆಂದು ಪಕ್ಕದ ಮನೆಯವನನ್ನು ಕರೆಸಿದ್ದರು. ಅವನು ಅಂದು ನಕ್ಕ ನಾಲ್ವರಲ್ಲಿ ಒಬ್ಬ.

"ಅಮ್ಮ, ನಿಮ್ಗೆ ಆದಾಯ ಎಂತ ಉಂಟು?" ಎಂದು ಲೆಕ್ಕಿಗರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮೈದುನ ಶುರು ಮಾಡಿದ. "ಅವ್ಳನ್ನ ಎಂತ ಕೇಳ್ತೀರಿ ಸಾರ್? ಮೂವತ್ತು ವರ್ಷದಿಂದ ಹಪ್ಪಳ ಮಾರ್ತಾಳೆ. ಒಳ್ಳೇ ಆದಾಯ. ಬರ್ಕೊಳ್ಳಿ."

ನನ್ನ ದುಡ್ಡನ್ನು ಆ ಮನೆಯಲ್ಲಿ ಆದಾಯ ಎಂದು ಕರೆದದ್ದು ಅದೇ ಮೊದಲು. ಲೆಕ್ಕಿಗರಿಗೆ ಕುಡಿಯಲು ತಂದಿದ್ದ ಮಜ್ಜಿಗೆ ಲೋಟ ಕೆಳಗಿಟ್ಟು ನಿಂತೆ.

"ಹಪ್ಪಳ ಮಾರಿದ್ರೆ ಪಿಂಚಣಿ ತಪ್ಪೋದಿಲ್ಲ," ಎಂದರು ಲೆಕ್ಕಿಗರು. "ಮನೆ, ಆಸ್ತಿ ಏನಾದ್ರೂ ಉಂಟಾ ಇವ್ರಿಗೆ?"

ಮೈದುನ ಗಡ್ಡ ಕೆರೆದುಕೊಂಡ. ಅವನ ಆ ಮುಖ ನನಗೆ ಚೆನ್ನಾಗಿ ಗೊತ್ತು. ಶುಂಠಿ ತೂಗಿಸುವಾಗಲೂ ಹಾಗೇ, ಸಿಕ್ಕಿದ್ದರ ಮೇಲೆ ಇನ್ನೊಂದು ಹಿಡಿ ಎಳೆಯದೆ ಬಿಡುವವನಲ್ಲ. ಅಲ್ಲೇ ನನಗೆ ದಾರಿ ಕಂಡಿತು. ಸೆರಗನ್ನು ಮೂಗಿಗೆ ಹಿಡಿದೆ.

"ನಂಗೆಲ್ಲಿಯ ಆಸ್ತಿ ಸ್ವಾಮಿ? ಕಟ್ಟಿಗೆ ಕೋಣೇಲಿ ಬಿದ್ಕಂಡಿದೀನಿ."

"ಸುಳ್ಳು ಸಾರ್!" ಮೈದುನ ಕುರ್ಚಿಯಿಂದ ಎದ್ದ. "ನಾಟ್ಕ ಮಾಡ್ತಾಳೆ. ಈ ಮನೆಯ ಅರ್ಧ ಅವ್ಳದೇ. ಹೆಂಚು ಹಾಕ್ಸಿದ್ದೇ ಹಪ್ಪಳದ ಆದಾಯದಲ್ಲಿ."

"ಬಾವಿ ನಿಂದಲ್ವನೋ?" ಎಂದೆ, ಅಳುವ ದನಿಯಲ್ಲಿ.

"ಬಾವೀನೂ ಅವ್ಳದೇ! ಬರ್ಕೊಳ್ಳಿ ಸಾರ್, ಬಾವೀನೂ ಬರ್ಕೊಳ್ಳಿ!"

ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಎರಡು ಸಲ ಕೆಮ್ಮಿದಳು. ಆಮೇಲೆ, "ನೀವೊಂಚೂರು ಒಳಗೆ ಬನ್ನಿ" ಎಂದಳು.

"ಸುಮ್ನಿರೆ. ಆಫೀಸಿನೋರ ಹತ್ರ ಮಾತಾಡ್ತಿದೀನಿ, ಕಾಣ್ಸಲ್ವಾ?"

ಅವಳಿಗೆ ಗಂಡನಿಗಿಂತ ಬುದ್ಧಿ ಹೆಚ್ಚು. ಆದರೆ ಆ ಮನೆಯಲ್ಲಿ ಹೆಂಗಸರ ಮಾತು ಕೇಳುವ ರೂಢಿ ಇರಲಿಲ್ಲ. ಆ ದಿನ ಮಾತ್ರ ಆ ರೂಢಿಯಿಂದ ನನಗೆ ಉಪಕಾರವಾಯಿತು.

ಲೆಕ್ಕಿಗರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಹಪ್ಪಳದ ಆದಾಯ, ಹೆಂಚು, ಬಾವಿ, ಅರ್ಧ ಮನೆ ಎಲ್ಲ ಇತ್ತು. "ಸರಿ ಉಂಟಾ?" ಎಂದು ಕೇಳಿದರು. ಮೈದುನ ಸರಿ ಎಂದು ಸಹಿ ಹಾಕಿ ಕೆಳಗೆ ಗೆರೆ ಬೇರೆ ಎಳೆದ. ಪಕ್ಕದ ಮನೆಯವನೂ ಹಾಕಿದ. ಈ ಸಲ ಅವನು ನಗಲಿಲ್ಲ.

"ಈ ಹೇಳಿಕೆ ಇದ್ರೆ ನಿಮ್ಗೆ ಪಿಂಚಣಿ ಆಗೋದು ಕಷ್ಟ ಅಮ್ಮ," ಎಂದರು ಲೆಕ್ಕಿಗರು.

"ಬ್ಯಾಡ ಸ್ವಾಮಿ. ಆ ಕಾಗ್ದದ ನಕಲು ಕೊಡಿ."

ಅವರು ನನ್ನ ಮುಖ ನೋಡಿದರು, ಮೈದುನನ ಮುಖ ನೋಡಿದರು. ಕಾರ್ಬನ್ ಹಾಳೆಗೂ ಇಬ್ಬರ ಹತ್ತಿರ ಸಹಿ ಹಾಕಿಸಿ ನನ್ನ ಕೈಗೆ ಕೊಟ್ಟರು. ಮೈದುನ ಗೆದ್ದವನಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಆ ಸಂಜೆ ಬಾವಿಕಟ್ಟೆಯಲ್ಲಿ ಕೂತು ಆ ಹಾಳೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಮೂರು ಸಲ ಓದಿದೆ. ಒಂದು ಸುಳ್ಳೂ ಇರಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಅವನಿಗೆ ಎಲ್ಲ ಗೊತ್ತಿತ್ತು. ಹೆಂಚು ಯಾರದ್ದು, ಬಾವಿ ಯಾರದ್ದು ಎಂದು ಹದಿಮೂರನೇ ದಿನ ಬಾಯಿ ಬಿಡುವಾಗಲೂ ಗೊತ್ತಿತ್ತು. ಗೊತ್ತಿಲ್ಲದೆ ಆಡಿದ್ದರೆ ಒಂದು ವೇಳೆ ಕ್ಷಮಿಸಿಬಿಟ್ಟೇನು ಎಂದುಕೊಂಡಿದ್ದೆ. ಆಮೇಲೆ ಆ ಯೋಚನೆಯನ್ನೂ ಬಿಟ್ಟೆ.

ಆ ಹಾಳೆ ಹಿಡಿದು ಸಾಗರದ ವಕೀಲರ ಮನೆಗೆ ಎರಡು ವರ್ಷ ತಿರುಗಿದೆ. ಖಾತೆಯಲ್ಲಿ ಹೆಸರು ಬಂತು. ಪಿಂಚಣಿ ಬರಲಿಲ್ಲ, ನಾನು ಮತ್ತೆ ಕೇಳಲೂ ಇಲ್ಲ. ಮೈದುನ ಈಗಲೂ ನನ್ನೊಂದಿಗೆ ಮಾತಾಡುವುದಿಲ್ಲ. ನನಗೆ ಅದರಿಂದ ನಷ್ಟವಿಲ್ಲ.

ಆದರೆ ನಾನು ವಕೀಲರಿಗೆ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಬಾವಿಹಗ್ಗ ಬಿಚ್ಚಿ ತಂದು ಜಗಲಿಯ ಉದ್ದ ಅಳೆದೆ. ಹಗ್ಗವನ್ನು ಎರಡು ಮಡಿಕೆ ಮಾಡಿ ನಡುವಿಗೆ ಗುರುತು ಹಾಕಿದೆ. ಅಲ್ಲಿ ಕೆಮ್ಮಣ್ಣು ಕಲಸಿ ಗೋಡೆಯಿಂದ ಅಂಚಿನವರೆಗೆ ಬೆರಳಗಲದ ಗೆರೆ ಎಳೆದೆ. ಮೈದುನನ ಕುರ್ಚಿ ನನ್ನ ಅರ್ಧದಲ್ಲಿ ಬಂದಿತ್ತು. ಎತ್ತಿ ಅಂಗಳಕ್ಕಿಟ್ಟೆ. ಆ ಜಾಗದಲ್ಲಿ ಚಾಪೆ ಹಾಸಿ ಈಳಿಗೆಮಣೆ ಇಟ್ಟೆ.

ಅವನು ಕಣ್ಣುಜ್ಜಿಕೊಳ್ಳುತ್ತ ಬಂದ. "ಎಂತ ಇದು ಅತ್ಗೆ?"

"ನೀನೇ ಬರ್ಸಿದ್ದಲ್ವನೋ."

ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಕರೆಯುವ ಹೊತ್ತು ಮೀರಿತ್ತು. ಅವನು ನನ್ನನ್ನು ನೋಡಿದ, ಕೊಟ್ಟಿಗೆಯನ್ನು ನೋಡಿದ. ನಾನು ಏಳಲಿಲ್ಲ. ಕೈಗೆ ಎಣ್ಣೆ ಸವರಿಕೊಂಡು ಆ ವರ್ಷದ ಮೊದಲ ಹಲಸಿನಕಾಯಿ ಕಡಿದೆ.