ಹಾಲೆರೆಸಿಕೊಂಡ ಗೂಬೆಮರಿಗಳು

ಯರಗಟ್ಟಿಯ ನಮ್ಮ ಮನೆಯ ಹಿಂದಿನ ಗೋದಾಮಿನಲ್ಲಿ ಇಲಿಗಳು ಗೋವಿನಜೋಳ ತಿಂದು ನಮಗಿಂತ ದಷ್ಟಪುಷ್ಟವಾಗಿದ್ದವು. ಗೂಬೆ ಬಂದು ಮರಿ ಮಾಡಿದರೆ ಇವುಗಳ ಸೊಕ್ಕು ಮುರಿದೀತೆಂದು ಗೋದಾಮಿನ ಗೋಡೆಯ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಹೊಡೆಸಿದೆ. ಕೇಳಿದವರಿಗೆ ಪಾರಿವಾಳಕ್ಕೆ ಎಂದೆ. ಗೂಬೆಗೆ ಎಂದಿದ್ದರೆ ನನ್ನ ಅತ್ತೆ ಈ ಮನೆಗೆ ಬೀಗ ಜಡಿದು ಎಲ್ಲರನ್ನೂ ತಿಂಗಳುಗಟ್ಟಲೆ ಬಾಡಿಗೆ ಮನೆಗೆ ಹೊರಡಿಸುತ್ತಿದ್ದರು. ಗೂಬೆ ಕೂತ ಮನೆಯನ್ನು ಬಿಡಬೇಕಂತೆ. ಇಲಿ ಕೂತ ಮನೆಯಲ್ಲಿ ಸುಖವಾಗಿ ಇರಬಹುದಂತೆ.

ಗೂಬೆ ಬಂತು, ಮರಿಗಳೂ ಆದವು. ದೊಡ್ಡ ಮರಿ ಇಲಿಯನ್ನು ಇಡಿಯಾಗಿ ನುಂಗಿ, ಬಾಲವನ್ನು ಬಾಯಿಂದ ಇಳಿಬಿಟ್ಟುಕೊಂಡು ಹಿರಿಮಗನ ಗತ್ತಿನಲ್ಲಿ ನಿಲ್ಲುತ್ತಿತ್ತು. ಊಟದ ನಂತರ ನನ್ನ ಗಂಡನೂ ಹೀಗೆಯೇ ನಿಲ್ಲುತ್ತಾರೆ. ಕಿರಿಯ ಮರಿ ಕಿಂಡಿಗೆ ಬಂದು ತಲೆಯನ್ನು ಗರಗರ ಆಡಿಸಿ ಲೋಕವನ್ನು ತೂಗಿ ನೋಡುತ್ತಿತ್ತು. ರೆಕ್ಕೆ ಬಡಿದು ಕಲಿಯಲು ಜಾಗ ಸಾಲದೆ ಒಂದನ್ನೊಂದು ದಬ್ಬಾಡುತ್ತಿದ್ದವು. ಹೊತ್ತು ಮುಳುಗಿದರೆ ಸಾಕು, ಹಸಿವೆಯಿಂದ ಎಲ್ಲವೂ ಸೇರಿ ಬುಸುಗುಟ್ಟುತ್ತಿದ್ದವು.

ಶ್ರಾವಣದಲ್ಲಿ ಆ ಸದ್ದು ಅತ್ತೆಯ ಕಿವಿಗೆ ಬಿತ್ತು. “ನಾಗಪ್ಪ ಬಂದಾನ! ಯಾರೂ ಗದ್ದಲ ಮಾಡಬ್ಯಾಡ್ರಿ,” ಎಂದು ಕೈಮುಗಿದರು. ಮರುದಿನದಿಂದ ಪೆಟ್ಟಿಗೆಯ ಕೆಳಗೆ ಅರಳು, ಎಳ್ಳುಂಡಿ, ಬಟ್ಟಲು ಹಾಲು. ಓಣಿಯ ಹೆಂಗಸರೂ ಬಂದು ಎರೆದರು. ನಾನೂ ಭಕ್ತಿಯಿಂದ ಎರೆದೆ. ಗೂಬೆಯ ಮುಖವೊಂದು ಕಂಡರೆ ಪೆಟ್ಟಿಗೆ ಒಲೆಗೆ, ಮರಿಗಳು ತಿಪ್ಪೆಗೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ನಾಗಪ್ಪನನ್ನು ತಲೆಯೆತ್ತಿ ನೋಡಬಾರದೆಂದು ಒಂದು ನಿಯಮವನ್ನೂ ಹೊರಡಿಸಿದೆ. ಯಾವ ಶಾಸ್ತ್ರದಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ.

ಒಂದು ಸಂಜೆ ನನ್ನ, ನನ್ನ ಗಂಡನ ಎದುರಿಗೇ ಅತ್ತೆ ಹಾಲೆರೆಯುತ್ತಿದ್ದಾಗ, ಮೇಲಿನ ದಬ್ಬಾಟದಲ್ಲಿ ಕಿರಿಯ ಮರಿ ಉರುಳಿ ನೇರ ಬಟ್ಟಲಿನ ಪಕ್ಕಕ್ಕೇ ಬಿತ್ತು.

“ಗೂಬಿ! ಯವ್ವಾ, ಇಷ್ಟ ದಿನ ಗೂಬಿಗೆ ಹಾಲ ಎರದೀಯಲ್ಲ!” ಎಂದು ನನ್ನ ಗಂಡ ಬಡಿಗೆ ಎತ್ತಿದರು. ಇಷ್ಟು ದಿನ ಚುರುಕಾಗಿದ್ದ ನನ್ನ ಬಾಯಿಂದ ಒಂದು ಸುಳ್ಳೂ ಹೊರಡಲಿಲ್ಲ.

ಅತ್ತೆ ಮರಿಯನ್ನು ನೋಡಿದರು. ಅದು ಹಿಂದಕ್ಕೆ ಸರಿದು, ಗೋಡೆಗೆ ಒತ್ತಿ ನಿಂತು, ಅವರಿಗೇ ಬುಸ್ಸೆಂದಿತು.

“ಬಡಿಗಿ ಕೆಳಗ ಇಡು,” ಎಂದರು ಮಗನಿಗೆ. “ನಾ ಹಾಲ ಎರದೇನಿ. ಎರದ ಕೈಲೆ ಕೊಲ್ಲಸಲೇನು?”

ಸೆರಗಿನಲ್ಲಿ ಮರಿಯನ್ನು ಸುತ್ತಿ ಎತ್ತಿಕೊಂಡು ನನ್ನ ಕಡೆ ತಿರುಗಿದರು. “ನಿಂತು ಏನ ನೋಡಾಕತ್ತಿ? ನಿಚ್ಚಣಿಕಿ ತಂದು ಪೆಟ್ಟಿಗಿಗೆ ಹಚ್ಚು.”

ಮದುವೆಯಾದಂದಿನಿಂದ ಅತ್ತೆಯ ಮಾತಿಗೆ ನಾನು ಅಷ್ಟು ಸಂತೋಷದಿಂದ ಓಡಿದ್ದಿಲ್ಲ.